ಕೈ ಇಲ್ಲದ ಬನಿಯನ್

ಒಂದು ಬನಿಯನ್ ಧರಿಸಲು ಸಾಮಾನ್ಯ ಮನುಷ್ಯನಿಗೆ ಎಷ್ಟು ಹೊತ್ತು ಬೇಕು? ತಲೆ ತೂರಿಸಬೇಕು, ತೋಳು ತೂರಿಸಬೇಕು, ಹೊಟ್ಟೆಯ ಮೇಲೆ ಎಳೆದುಕೊಳ್ಳಬೇಕು. ಅರ್ಧ ನಿಮಿಷ ಧಾರಾಳವಾಯಿತು. ನನ್ನ ಸೋದರಮಾವ ಮಾತ್ರ ತಿರುಪ್ಪೂರಿನ ಅಂಗಡಿಯೊಂದರಲ್ಲಿ ಕೊಂಡ ಒಂದು ಬನಿಯನ್ನನ್ನು ಮೈಮೇಲೆ ಹಾಕಿಕೊಳ್ಳಲು ಮೂರು ವರ್ಷ ತೆಗೆದುಕೊಂಡರು!

ಮೂರು ವರ್ಷ ಎಂಬುದು ಅತ್ತೆಯ ಹೇಳಿಕೆ. ನನ್ನ ದಿನಚರಿಗಳನ್ನು ಒಂದಕ್ಕೊಂದು ತಾಳೆ ಹಾಕಿ ನೋಡಿದರೆ ಎರಡು ವರ್ಷ ಏಳು ತಿಂಗಳಾಗುತ್ತದೆ. ಶಾಸನಗಳ ಕಾಲನಿರ್ಣಯವೇ ಜೀವಮಾನದ ಕಸುಬಾಗಿದ್ದ ನನಗೆ ಐದು ತಿಂಗಳ ಅಂತರ ಸಣ್ಣದಲ್ಲ. ಇದನ್ನು ಅತ್ತೆಗೆ ಹೇಳಿದಾಗ ಅವರು, “ಆ ಐದು ತಿಂಗಳು ನಾ ಒಗೆದ ಬಟ್ಟೆ ಒಣಗಾಕೋಕೆ ಜಾಗ ಇಲ್ದೆ ಅಳ್ತಾ ಇದ್ದೆ, ಅದನ್ನೂ ಸೇರ್ಸ್ಕೊ” ಎಂದರು. ಆಧಾರ ದುರ್ಬಲವಾದರೂ ಆಕ್ಷೇಪಿಸುವ ಧೈರ್ಯ ನನಗಾಗಲಿಲ್ಲ.

ಎಂಬತ್ತರ ದಶಕದ ಮಾತು. ತಿರುಪ್ಪೂರು ಆಗ ಕೊಯಮತ್ತೂರು ಜಿಲ್ಲೆಯೊಳಗೇ ಇತ್ತು. ಪ್ರತ್ಯೇಕ ಜಿಲ್ಲೆಯಾದದ್ದು ಬಹಳ ಕಾಲದ ಮೇಲೆ. ನಮ್ಮದು ಎಷ್ಟೋ ತಲೆಮಾರುಗಳ ಹಿಂದೆ ಇತ್ತ ಬಂದು ನೆಲೆಸಿದ ನೇಕಾರರ ಮನೆತನ. ಎಷ್ಟು ತಲೆಮಾರು ಎಂಬುದಕ್ಕೆ ಲಿಖಿತ ಆಧಾರ ಸಿಕ್ಕಿಲ್ಲವಾದ್ದರಿಂದ ಹೇಳಲಾರೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಮೈಸೂರಿಗೆ ಹೋಗಿ ಓದಿದ್ದರಿಂದ ಕನ್ನಡ ಅಕ್ಷರ ಕಲಿತೆ. ಮಾಮನಿಗೆ ಅದು ಬಾರದು. ಅವರು ಕನ್ನಡವನ್ನು ತಮಿಳು ಲಿಪಿಯಲ್ಲಿ ಬರೆಯುತ್ತಿದ್ದರು. ಈ ಅಭ್ಯಾಸದಿಂದ ನನಗೊದಗಿದ ವಿಪತ್ತನ್ನು ಮುಂದೆ ಹೇಳುತ್ತೇನೆ.

ಮಾಮ ಚಿತ್ರಗಾರರು. ಬನಿಯನ್ ಕಂಪನಿಗಳ ರಟ್ಟಿನ ಪೆಟ್ಟಿಗೆಗಳ ಮೇಲೆ ಅಚ್ಚಾಗುವ ಚಿತ್ರ ಬರೆಯುವುದು ಅವರ ವೃತ್ತಿ. ಆ ಚಿತ್ರವನ್ನು ನೀವೂ ನೋಡಿರುತ್ತೀರಿ. ಗುಂಗುರು ಕೂದಲಿನ ಒಬ್ಬ ಗಟ್ಟಿಗ ಬನಿಯನ್ ತೊಟ್ಟು, ಎದೆಯ ಮೇಲೆ ಕೈ ಕಟ್ಟಿ, ಜಗತ್ತಿನಲ್ಲಿ ತನಗಿನ್ನೇನೂ ಕೆಲಸವಿಲ್ಲವೆಂಬಂತೆ ನಗುತ್ತಿರುತ್ತಾನೆ. ಕಂಪನಿ ಬದಲಾದರೆ ಮೀಸೆ ಬದಲಾಗುತ್ತಿತ್ತು. ಕಟ್ಟಿದ ಕೈ ಮಾತ್ರ ಅದೇ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮಾಮ ಆ ಸೋಮಾರಿಯನ್ನು ಬರೆದರು. ಒಂದು ದೀಪಾವಳಿಯ ಹಿಂದಿನ ವಾರದ ತನಕ ಅವರಿಗೆ ಅವನ ಮೇಲೆ ಯಾವ ದ್ವೇಷವೂ ಇರಲಿಲ್ಲ.

ಆ ವಾರ ಮಾಮನೊಡನೆ ಬಟ್ಟೆ ಅಂಗಡಿಗೆ ಹೋದದ್ದು ನನ್ನ ಗ್ರಹಚಾರ. ಹಬ್ಬದ ನೂಕುನುಗ್ಗಲಿನಲ್ಲಿ ಅಂಗಡಿಯವನು ವಿನಯದಿಂದಲೇ ಕೇಳಿದ:

“ಕೈ ವೆಚ್ಚದುಂಗಳಾ, ಕೈ ಇಲ್ಲಾದದುಂಗಳಾ?”

ತೋಳಿರುವ ಬನಿಯನ್ ಬೇಕೋ ತೋಳಿಲ್ಲದ್ದು ಬೇಕೋ ಎಂದು ಇದರ ಅರ್ಥ. ಅಲ್ಲಿ ತೋಳಿಗೂ ಕೈ ಎಂದೇ ಹೆಸರು. ಹುಟ್ಟಿದಂದಿನಿಂದ ಮಾಮ ಕೇಳುತ್ತಾ ಬಂದ ಪ್ರಶ್ನೆ ಇದು. ಆದರೆ ಅಂದು ಅವರ ಕಿವಿಗೆ ಏನಾಯಿತೋ!

“ಕೈ ಇಲ್ಲಾಮೆ ಬನಿಯನ್ ಎಪ್ಪಡಿಪ್ಪಾ ವರುಂ?” ಎಂದರು. ಕೈ ಇಲ್ಲದೆ ಬನಿಯನ್ ಹೇಗಪ್ಪಾ ಬರುತ್ತದೆ?

ಅಂಗಡಿಯವನು ತಾಳ್ಮೆಯಿಂದ ಒಂದು ಬನಿಯನ್ ಬಿಡಿಸಿ, ತೋಳಿಲ್ಲದ ಎರಡು ಕಂಡಿಗಳಲ್ಲಿ ಬೆರಳಾಡಿಸಿ ತೋರಿಸಿದ.

“ಅದಲ್ಲಪ್ಪಾ, ಹೊಲಿದವನಿಗೆ ಕೈ ಇರ್ಲಿಲ್ವಾ? ಹೆಣೆದವನಿಗೆ? ನೂಲು ತೆಗೆದವಳಿಗೆ?” ಎಂದು ಮಾಮ ತಮಿಳಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದರು. ಸಿಟ್ಟು ಬಂದರೆ ಅವರು ಮನೆಮಾತಿಗೆ ಬಂದುಬಿಡುತ್ತಾರೆ. ನಮ್ಮ ಹಿಂದಿದ್ದ ಹೆಂಗಸು, “ಯಾರಿಗೋ ಕೈ ಹೋಯ್ತಂತೆ ಪಾಪ” ಎಂದು ಪಕ್ಕದವಳಿಗೆ ತಿಳಿಸಿದಳು. ಅನುಕಂಪದಿಂದ ಜನ ನಮಗೆ ದಾರಿ ಬಿಟ್ಟರು. ಮಾಮ ಒಂದು ಕೈ ಇಲ್ಲದ ಬನಿಯನ್ ಕೊಂಡರು. ಮನೆಗೆ ಬಂದು ಅದನ್ನು ಪೆಟ್ಟಿಗೆಸಮೇತ ಗೂಡಿನಲ್ಲಿಟ್ಟು, “ಇದರ ಕೈಯೆಲ್ಲ ಬರೆದು ಮುಗಿಸೋ ತನಕ ನಾ ಇದ ಹಾಕಲ್ಲೆ” ಎಂದು ಘೋಷಿಸಿದರು.

“ಒಂದು ಬನಿಯನ್ನಿಗೆ ಎಷ್ಟು ಕೈ ಇದ್ದಾತು ಮಾಪ್ಳೆ?” ಮಾಪ್ಳೆ ಎಂದರೆ ಅಳಿಯ, ಅಂದರೆ ನಾನು.

ನನಗೆ ಕೊಯಮತ್ತೂರಿನ ಬಸ್ಸಿಗೆ ಹೊತ್ತಾಗಿತ್ತು. “ಹತ್ತು ಇರಬಹುದು” ಎಂದೆ. ನನ್ನ ವೃತ್ತಿಜೀವನದಲ್ಲಿ ಆಧಾರವಿಲ್ಲದೆ ಆಡಿದ ಮಾತು ಅದೊಂದೇ. ಅದಕ್ಕೆ ತೆತ್ತ ದಂಡ ಎರಡು ವರ್ಷ ಏಳು ತಿಂಗಳು.

ಮರುವಾರವೇ ಮಾಮ ಹೆಣಿಗೆಯ ಕಂಪನಿಯಿಂದ ಬನಿಯನ್ ಬಟ್ಟೆಯ ಒಂದು ತುಂಡು ತಂದರು. ಓದುಗರಿಗೆ ತಿಳಿದಿರಲಿ, ಬನಿಯನ್ ಬಟ್ಟೆ ಸೀರೆಯಂತೆ ಹಾಳೆಯಾಗಿ ಬರುವುದಿಲ್ಲ. ಯಂತ್ರದಿಂದ ಕೊಳವೆಯಾಗಿ ಇಳಿಯುತ್ತದೆ. ಮಾಮ ಅದನ್ನು ಸೀಳಲಿಲ್ಲ. ಎರಡು ಬಿದಿರಿನ ಬಳೆ ಕಟ್ಟಿ, ಜಗಲಿಯ ಜಂತಿಯಿಂದ ಆಳೆತ್ತರದ ದಿಂಬಿನಂತೆ ನೇತುಹಾಕಿದರು. ಹೀಗಾಗಿ ಚಿತ್ರಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ನೋಡುವವನು ಪ್ರದಕ್ಷಿಣೆ ಹಾಕಬೇಕು. ಅತ್ತೆ ಬಟ್ಟೆ ಒಣಗಿಸುತ್ತಿದ್ದ ಜಾಗ ಅದೇ.

ಮೊದಲ ದಿನವೇ ಮಾಮ ಆ ಕೊಳವೆಯ ನಟ್ಟನಡುವೆ ಅಂಗೈಯಗಲದ ಜಾಗವೊಂದನ್ನು ಪೆನ್ಸಿಲಿನಿಂದ ಗುರುತು ಮಾಡಿದರು.

“ಇದು ನಿಮ್ಮಮ್ಮನ ಜಾಗ. ಅಕ್ಕನ ಕೈ ಇಲ್ಲಿ ಬರ್ಬೇಕು. ಮಿಕ್ಕಿದ್ದೆಲ್ಲ ಅದರ ಸುತ್ತ.”

ನನ್ನ ತಾಯಿ ಕೊಯಮತ್ತೂರಿನ ನೂಲಿನ ಗಿರಣಿಯೊಂದರಲ್ಲಿ ನೂಲು ಸುತ್ತುವ ವಿಭಾಗದಲ್ಲಿದ್ದಳು. ಓಡುವ ನೂಲು ತುಂಡಾದ ಕೂಡಲೇ ಹಿಡಿದು ಗಂಟು ಹಾಕುವುದು ಅವಳ ಕೆಲಸ. ಆ ಗಂಟುಗಳಿಂದಲೇ ಮಾಮನ ಮೊದಲ ಬಣ್ಣದ ಡಬ್ಬಿ ಬಂತು. ಆ ಗಂಟುಗಳಿಂದಲೇ ನಾನು ಮೈಸೂರು ಕಂಡದ್ದು. ನಾನು ಅಲ್ಲಿ ಓದುತ್ತಿರುವಾಗಲೇ ಹೋಗಿಬಿಟ್ಟಳು. ಉಳಿದದ್ದು ಸ್ಟುಡಿಯೋದಲ್ಲಿ ತೆಗೆಸಿದ ಒಂದೇ ಫೋಟೋ. ಅದರಲ್ಲಿ ಎರಡು ಕೈಗಳೂ ಸೆರಗಿನೊಳಗಿವೆ.

“ಮುಖ ಇದೆ ಮಾಪ್ಳೆ, ಕೈ ಮರ್ತೋಗ್ಬಿಟ್ಟೆ” ಎಂದರು ಮಾಮ. “ಒಡಹುಟ್ಟಿದವಳ ಕೈ ಮರೆಯೋವನು ಎಂಥಾ ಚಿತ್ರಗಾರ? ನಿನಗೆ ಜ್ಞಾಪಕ ಇದೆಯಲ್ಲ?”

ಸಾವಿರ ವರ್ಷದ ಹಿಂದಿನ ಕಲ್ಲಿನ ಮೇಲೆ ಒಂದು ಅಕ್ಷರದ ಬಾಲ ಎಡಕ್ಕೆ ತಿರುಗಿತ್ತೋ ಬಲಕ್ಕೋ ಎಂದು ಕಣ್ಣು ಮುಚ್ಚಿ ಹೇಳಬಲ್ಲ ನಾನು, “ನೋಡೋಣ” ಎಂದು ಗೊಣಗಿ ಎದ್ದುಬಿಟ್ಟೆ. ನನಗೂ ಜ್ಞಾಪಕವಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಫಜೀತಿ! ಕೊಯಮತ್ತೂರಿನ ಕಾಲೇಜಿನಲ್ಲಿ ಮೇಷ್ಟರಾಗಿದ್ದ ನಾನು ರವಿವಾರ ಬಂದರೆ ತಿರುಪ್ಪೂರಿನಲ್ಲಿರಬೇಕು. ಮಾಮ ಬರೆಯುವುದು, ನಾನು ರಿಜಿಸ್ಟರಿನಲ್ಲಿ ಯಾರ ಕೈ, ಎಂದು, ಎಲ್ಲಿ ಎಂದು ದಾಖಲಿಸುವುದು. ಅತ್ತೆ ಕಾಫಿ ತಂದುಕೊಟ್ಟು, ನಾನು ಲೋಟ ಹಿಡಿಯುವ ರೀತಿಯನ್ನು ಗೇಲಿ ಮಾಡುವುದು. ನನಗೆ ಏನು ಹಿಡಿದರೂ ಬಲಗೈ ಕಿರುಬೆರಳು ಸೆಟೆದು ಹೊರಗೆ ನಿಲ್ಲುವ ಚಾಳಿಯಿದೆ. “ದೊರೆ ವಂದುಟ್ಟಾರು, ದೊರೆ ಬಂದ್ರು! ಕಾಫಿ ಕುಡಿಯೋಕೂ ಒಂದು ಬೆರಳಿಗೆ ರಜಾ!” ಎಂದು ಅತ್ತೆ ನಗುತ್ತಿದ್ದರು. ಕಾಲೇಜಿನ ಸಹೋದ್ಯೋಗಿಗಳೂ ಅದನ್ನೇ ಹೇಳಿ ನಕ್ಕದ್ದುಂಟು. ವಿದ್ವಾಂಸನಿಗೆ ಇಂಥ ಅವಮಾನಗಳು ಹೊಸದಲ್ಲ.

ಹತ್ತು ಕೈಗಳು ಮೊದಲ ರವಿವಾರದ ಮಧ್ಯಾಹ್ನದೊಳಗೇ ಮುಗಿದವು. ಕತ್ತರಿಸುವವನು, ಹೊಲಿಯುವವನು, ಹೆಚ್ಚುವರಿ ದಾರ ಕತ್ತರಿಸುವ ಹುಡುಗಿ, ಇಸ್ತ್ರಿಯವನು, ಮಡಿಸುವವಳು, ಪೆಟ್ಟಿಗೆಗೆ ತುಂಬುವವಳು. ಕೊಳವೆಯ ಒಂದು ಮೂಲೆ ಕೂಡ ತುಂಬಿರಲಿಲ್ಲ. ಪೆಟ್ಟಿಗೆ ಎಂದಮೇಲೆ ರಟ್ಟು ಮಾಡುವವನು, ಗೋಂದು ಕಾಯಿಸುವವನು, ಅಚ್ಚಿನ ಯಂತ್ರ ನಡೆಸುವವನು. ಬಿಳುಪು ಎಂದಮೇಲೆ ಬ್ಲೀಚಿನ ತೊಟ್ಟಿಯಲ್ಲಿ ಮೊಣಕೈವರೆಗೆ ಮುಳುಗಿ ನಿಲ್ಲುವವರು. ಅವರ ಬೆರಳ ತುದಿಗಳು ಬೆಂದು ಸುಕ್ಕಾಗಿದ್ದವು, ಮಾಮ ಆ ಬಿಳಿಯನ್ನು ಬರೆಯಲು ಎರಡು ವಾರ ಒದ್ದಾಡಿದರು. ಹೆಣಿಗೆ ಯಂತ್ರಕ್ಕೆ ಸೂಜಿ ಬೇಕು. ಸೂಜಿ ಯಾವ ದೇಶದ್ದು? ಅದನ್ನು ಉಜ್ಜಿದ ಕೈ ಯಾರದು? ಆ ದೇಶಕ್ಕೆ ಹೋಗುವ ಯೋಚನೆಯನ್ನು ಅತ್ತೆ ಬಾಗಿಲಲ್ಲೇ ನಿಂತು ತಡೆದರು.

ಕುನ್ನತ್ತೂರಿನ ಕಡೆಯ ಹತ್ತಿ ಹೊಲವೊಂದರಲ್ಲಿ ಹತ್ತಿ ಬಿಡಿಸುತ್ತಿದ್ದ ಮುದುಕಿಯೊಬ್ಬಳು ಮಾಮ ಬರೆಯುವುದನ್ನು ಬಗ್ಗಿ ನೋಡಿ, “ಕೈ ಮಾತ್ರವಾ? ಮುಖ ಬೇಡ್ವಾ ಸಾಮಿ? ಸುಮ್ನೆ ಅರಿಶಿನ ಹಚ್ಚಿಕೊಂಡು ಬಂದೆ!” ಎಂದು ತಮಿಳಿನಲ್ಲಿ ಆಕ್ಷೇಪಿಸಿದಳು. ಮಾಮ ಕಡೆಗೆ ಅವಳ ಅಂಗೈಯಲ್ಲಿ ಒಂದಿಷ್ಟು ಅರಿಶಿನ ಬಣ್ಣ ಹಚ್ಚಿ ರಾಜಿ ಮಾಡಿಕೊಂಡರು.

ಬನಿಯನ್ ಬಟ್ಟೆಯ ಗುಣ ನಿಮಗೆ ಗೊತ್ತು. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಎಳೆದು ಬರೆದ ಕೈ ಬಿಟ್ಟ ಮೇಲೆ ಮಗುವಿನ ಕೈಯಾಗುತ್ತಿತ್ತು. ಬಿಟ್ಟು ಬರೆದ ಕೈ ಎಳೆದಾಗ ಬಾಳೆಗೊನೆಯಾಗುತ್ತಿತ್ತು. ಮಾಮ ಕುಲವಿದ್ಯೆಯನ್ನು ಸ್ಮರಿಸಿ ಬಟ್ಟೆಗೆ ಅನ್ನದ ಗಂಜಿ ಹಾಕಿದರು. ಆ ಗಂಜಿಯ ವಾಸನೆಗೆ ಬೀದಿಯ ಆಡೊಂದು ಜಗಲಿ ಹತ್ತಿ ಇಬ್ಬರು ಟೈಲರ್‌ಗಳ ಹೆಬ್ಬೆರಳುಗಳನ್ನು ತಿಂದುಹಾಕಿತು. “ಅಯ್ಯೋ ಕಡವುಳೇ, ನನ್ನ ಸೊಪ್ಪು ತಿಂದಿದ್ರೂ ಇಷ್ಟು ಕೂಗಾಡ್ತಿರ್ಲಿಲ್ಲೆ ನೀವು” ಎಂದರು ಅತ್ತೆ.

ನನ್ನ ಸಹನೆಯ ಕಟ್ಟೆ ಒಡೆದದ್ದು ಮದುಕ್ಕರೈಯಲ್ಲಿ. ಹತ್ತಿಗೆ ಹೊಲ ಸರಿ. ನೂಲಿಗೆ ಗಿರಣಿ ಸರಿ. ಒಂದು ಗುರುವಾರ ಬೆಳಿಗ್ಗೆ ಮಾಮ ನಮ್ಮ ಮನೆಗೇ ಬಂದು, “ಗಿರಣಿ ನಿಂತಿರೋದು ಗೋಡೆ ಮೇಲೆ ಅಲ್ವಾ? ಗೋಡೆಗೆ ಸಿಮೆಂಟು ಬೇಡ್ವಾ? ಹೊರಡು” ಎಂದರು. (ಗುರುವಾರವೆಂಬುದಕ್ಕೆ ನನ್ನ ರಜೆಯ ಅರ್ಜಿಯ ನಕಲೇ ಸಾಕ್ಷಿ.) ಪಾಲಕ್ಕಾಡ್ ರಸ್ತೆಯ ಧೂಳಿನಲ್ಲಿ ನಿಂತು, ಸಿಮೆಂಟ್ ಕಾರ್ಖಾನೆಯ ಗೇಟಿನ ಕಾವಲುಗಾರನಿಗೆ ಮಾಮ ತಮ್ಮ ಉದ್ದೇಶವನ್ನು ವಿವರಿಸಿದರು.

“ಬನಿಯನ್ನುಂಗಳಾ?” ಎಂದು ಆತ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. “ಇದು ಸಿಮೆಂಟುಂಗೋ.”

“ಗೊತ್ತು. ಆದರೂ ಬನಿಯನ್ನಿಗೇ ಬಂದೆವು.”

ಕಾವಲುಗಾರ ಖಾಕಿ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಒಳಗಿನ ಬನಿಯನ್ನನ್ನು ಬೆರಳಿನಿಂದ ಎಳೆದು ತೋರಿಸಿ, “ಇಲ್ಲಿಗೂ ಬಂದಿದೆ ಸಾರ್” ಎಂದ. ಮಾಮ ಆ ಗುಂಡಿ ಬಿಚ್ಚಿದ ಕೈಯನ್ನು ಅಲ್ಲಿಯೇ ಬರೆದುಕೊಂಡರು.

ಹಿಂತಿರುಗುವ ಬಸ್ಸಿನಲ್ಲಿ ನಾನು ಬಾಯಿಬಿಟ್ಟೆ. “ಮಾಮ, ಯಾವ ಸಂಶೋಧನೆಗಾದರೂ ಒಂದು ಎಲ್ಲೆ ಬೇಕು. ಕಾವಲುಗಾರ ಬೆಳಿಗ್ಗೆ ಇಡ್ಲಿ ತಿಂದಿದ್ದಾನೆ. ಹಿಟ್ಟು ರುಬ್ಬಿದವಳ ಕೈ ಬೇಡವೇ? ರುಬ್ಬುವ ಕಲ್ಲು ಕೆತ್ತಿದವನದು? ಹೀಗೆ ಹೋದರೆ ಪ್ರಪಂಚವೆಲ್ಲ ಬರಬೇಕಾಗುತ್ತದೆ!”

ಮಾಮ ಕಿಟಕಿಯಿಂದ ಮುಖ ತಿರುಗಿಸಿದರು. “ಸರಿ, ನೀನೇ ಓದಿದೋನು. ಯಾರ ಕೈ ತಂಕ ಬರೀಲಿ, ಯಾರ ಕೈಯಿಂದ ಬಿಡಲಿ, ಹೇಳು.”

ಬಸ್ಸು ಉಕ್ಕಡಂ ತಲುಪುವವರೆಗೂ ಯೋಚಿಸಿದೆ. ಉತ್ತರ ಸಿಗಲಿಲ್ಲ. ಅಂದಿನಿಂದ ಈವರೆಗೂ ಸಿಕ್ಕಿಲ್ಲ. ನಾನು ಕಿರಿಕಿರಿಯಿಂದ, “ನಿಮ್ಮ ಅಕ್ಕನ ಕೈಯನ್ನಾದರೂ ಮೊದಲು ಬರೆಯಿರಿ” ಎಂದುಬಿಟ್ಟೆ. ಹಾಗೆ ಅನ್ನಬಾರದಿತ್ತು. ಮಾಮ ಮತ್ತೆ ಕಿಟಕಿಯ ಕಡೆ ತಿರುಗಿದರು.

ತಪ್ಪನ್ನು ಸರಿಪಡಿಸಲು ನಾನು ನನಗೆ ಬರುವ ವಿದ್ಯೆಯನ್ನೇ ಹೂಡಿದೆ. ಮನೆಯ ಹಳೆಯ ಟ್ರಂಕನ್ನು ಜಾಲಾಡಿ ತಾಯಿಯ ಗಿರಣಿ ಕಾರ್ಡನ್ನು ಪತ್ತೆಹಚ್ಚಿದೆ. ಅದರಲ್ಲಿದ್ದ ಹುಟ್ಟಿದ ವರ್ಷ ನಮ್ಮ ಮನೆಯ ಜಾತಕದೊಡನೆ ಹೊಂದುತ್ತಿರಲಿಲ್ಲ. ಅದರ ಮೇಲೆ ಮೂರು ಪುಟದ ಟಿಪ್ಪಣಿ ಬರೆದೆ. ಆದರೆ ಕಾರ್ಡಿನ ಕೆಳಗೆ, ಸಹಿಯ ಜಾಗದಲ್ಲಿ, ಅವಳ ಹೆಬ್ಬೆಟ್ಟಿನ ಗುರುತಿತ್ತು! ಇದಕ್ಕಿಂತ ಪ್ರಬಲ ಆಧಾರ ಇನ್ನೇನಿದೆ? ಗೆದ್ದವನ ಹಾಗೆ ಮಾಮನ ಮುಂದಿಟ್ಟೆ.

ಮಾಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಭೂತಕನ್ನಡಿ ತರಿಸಿ ನೋಡಿದರು. ಕೊನೆಗೆ ಹಿಂದಕ್ಕೆ ಕೊಟ್ಟು, “ಇದು ಅಕ್ಕ ಸುಮ್ನೆ ಇದ್ದಾಗಿನ ಬೆರಳು. ಅವಳು ಯಾವಾಗ ಸುಮ್ನೆ ಇದ್ದಳು?” ಎಂದರು.

ಮೂರು ಪುಟದ ಟಿಪ್ಪಣಿಯನ್ನು ಅವರು ಓದಲಿಲ್ಲ. ಕನ್ನಡ ಅಕ್ಷರದಲ್ಲಿತ್ತು.

ಈಗ ಆ ವಿಪತ್ತಿಗೆ ಬರುತ್ತೇನೆ. ತಮಿಳು ಲಿಪಿಯಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ. ಟ-ಡ ಎರಡಕ್ಕೂ ಒಂದೇ. ತಮಿಳಿಗೆ ಅದು ಸಾಲುತ್ತದೆ. ಆದರೆ ಅದರಲ್ಲಿ ಕನ್ನಡ ಬರೆಯುವವನ ಪತ್ರ ಓದುವುದೆಂದರೆ ಅರ್ಧ ಅಳಿಸಿದ ಶಾಸನ ಓದಿದಂತೆಯೇ. ಒಂದು ಮಧ್ಯಾಹ್ನ ಕಾಲೇಜಿಗೆ ಮಾಮನ ಕಾರ್ಡು ಬಂತು. ನಾನು ಓದಿದ ಪ್ರಕಾರ ಅದರಲ್ಲಿದ್ದದ್ದು ಇಷ್ಟು:

“ಅಕ್ಕನ ಗಂಡು ಸಿಕ್ಕಲಿಲ್ಲೆ. ಎಲ್ಲಾ ಕಡೆ ಹುಡುಕಿಯಾಯಿತು. ಬೇಗ ಬಾ.”

ಮಾಮನ ಹಿರಿಯ ಮಗಳನ್ನು, ತಂಗಿಯರು ಕರೆಯುವುದನ್ನು ಕೇಳಿ ಕೇಳಿ, ಮನೆಯಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ನಿಶ್ಚಿತಾರ್ಥವಾಗಿ ತಿಂಗಳೂ ಕಳೆದಿರಲಿಲ್ಲ. ಗಂಡು ಸಿಕ್ಕಲಿಲ್ಲ ಎಂದರೆ? ಓಡಿಹೋದನೇ? ರಜೆ ಬರೆದುಕೊಟ್ಟು, ಮೇಜಿನ ಮೇಲಿದ್ದ ಕೈಗಳ ರಿಜಿಸ್ಟರಿನ ಹಾಳೆಗಳ ಕಟ್ಟನ್ನು ಹಾಗೇ ಕಂಕುಳಲ್ಲಿರಿಸಿಕೊಂಡು, ತಿರುಪ್ಪೂರಿನ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಗಂಡಿನ ಕಡೆಯವರಿಗೆ ಆಡಬೇಕಾದ ಮಾತುಗಳನ್ನು ವ್ಯಾಕರಣಬದ್ಧವಾಗಿ ಜೋಡಿಸಿಕೊಂಡೆ.

ಹೋಗಿ ನೋಡಿದರೆ ಮದುಮಗಳು ಜಗಲಿಯಲ್ಲಿ ಕುಳಿತು ಕಡಲೆಕಾಯಿ ಸುಲಿದು ತಿನ್ನುತ್ತಿದ್ದಾಳೆ!

“ಏನಮ್ಮಾ, ಹುಡುಗ ಸಿಕ್ಕಿದನೇ?” ಏದುಸಿರಿನಲ್ಲಿ ಕೇಳಿದೆ.

“ಈಗ್ತಾನೆ ಹೋದ್ರು. ಯಾಕ್ ಭಾವ? ನಿಮಗೇನ್ ಬೇಕಾಗಿತ್ತು ಅವರ ಹತ್ರ?” ಎಂದು ಅವಳು ನಾಚಿದಳು.

ಕೊಳವೆಯ ಹಿಂದಿನಿಂದ ಮಾಮನ ತಲೆ ಇಣುಕಿತು. “ಯಾವ ಹುಡುಗ?”

ನಾನು ಕಾರ್ಡನ್ನು ಅವರ ಮೂಗಿನ ಮುಂದೆ ಹಿಡಿದೆ. ಮಾಮ ಓದಿದರು. “ಸರಿಯಾಗೇ ಬರೆದಿದ್ದೀನಿ. ಅಕ್ಕನ ಗಂಟು ಸಿಕ್ಕಲಿಲ್ಲೆ.”

“ಗಂಟೇ?”

“ಗಂಟು! ನೂಲಿನ ಗಂಟು! ನಿಮ್ಮಮ್ಮ ಹಾಕ್ತಿದ್ದ ಗಂಟು. ನಾಲ್ಕು ಗಿರಣಿ ಸುತ್ತಿಬಂದೆ, ಒಬ್ಬೊಬ್ಬಳದೂ ನೋಡ್ದೆ, ಯಾರ ಕೈಲೂ ಅವಳ ಹಾಗೆ ಬರ್ಲಿಲ್ಲೆ. ಎಲ್ಲಾರ್ದೂ ಬೇರೆ ಮಾತಿರಿ, ಬೇರೆ ಥರ. ಇಷ್ಟು ಓದಿದೋನಿಗೆ ಗಂಟು ಯಾವುದು ಗಂಡು ಯಾವುದು ಗೊತ್ತಾಗಲ್ವಾ ಮಾಪ್ಳೆ?”

ಅತ್ತೆ ಕಾಫಿಯೊಡನೆ ಬಂದವರು ನಕ್ಕು ನಕ್ಕು ಲೋಟವನ್ನು ಕೆಳಗಿಡಬೇಕಾಯಿತು. ನನಗೆ ಮಾತ್ರ ನಗು ಬರಲಿಲ್ಲ. ಎರಡು ವರ್ಷದ ಧೂಳು, ಬಸ್ಸು, ಗಂಜಿ, ಆಡು ಎಲ್ಲವೂ ಒಟ್ಟಿಗೆ ನೆತ್ತಿಗೇರಿತು.

“ಸಾಕು ಮಾಮ! ನನ್ನ ಕೈಯಲ್ಲಿ ಆಗುವುದಿಲ್ಲ. ನಿಮ್ಮ ರಿಜಿಸ್ಟರು ನಿಮಗೇ ಇರಲಿ!” ಎಂದು ಕಟ್ಟನ್ನು ಜಗಲಿಯ ಮೇಲೆ ಕುಕ್ಕಿದೆ.

ಕುಕ್ಕಿದ ರಭಸಕ್ಕೆ ಕಟ್ಟಿದ್ದ ದಾರ ತುಂಡಾಗಿ, ಎರಡು ವರ್ಷದ ದಾಖಲೆಗಳು ಜಗಲಿಯ ತುಂಬ ಚೆಲ್ಲಿದವು. ಎಷ್ಟೇ ಸಿಟ್ಟಿದ್ದರೂ ದಾಖಲೆಗಳನ್ನು ಚೆಲ್ಲಾಪಿಲ್ಲಿಯಾಗಿ ಬಿಟ್ಟುಹೋಗುವುದು ನನ್ನ ಜಾಯಮಾನವಲ್ಲ. ಬೈದುಕೊಳ್ಳುತ್ತಲೇ ಹಾಳೆಗಳನ್ನು ಒಟ್ಟುಮಾಡಿದೆ. ತುಂಡಾದ ದಾರದ ಎರಡು ತುದಿಗಳನ್ನು ಎಡಗೈ ಹೆಬ್ಬೆರಳಿನ ಕೆಳಗೆ ಅಡ್ಡಡ್ಡವಾಗಿ ಒತ್ತಿ ಹಿಡಿದು, ಬಲಗೈಯಿಂದ ಒಂದು ಸುತ್ತು ತಂದು—

“ಅಲ್ಲಾಡ್ಬೇಡ!”

ಮಾಮನ ಧ್ವನಿ ಅದು ಎಂದು ನನಗೆ ಗೊತ್ತಾಗಲಿಲ್ಲ. ತಲೆಯೆತ್ತಿದೆ. ಅವರು ನನ್ನ ಮುಖ ನೋಡುತ್ತಿರಲಿಲ್ಲ.

“ಕಿರುಬೆರಳು” ಎಂದರು ಮೆಲ್ಲಗೆ. “ಕಿರುಬೆರಳ ಆಚೆ ಇಟ್ಕೊಂಡಿರ್ತಿದ್ಲು. ಓಡೋ ನೂಲು ಒಂದ್ಸಾರಿ ಅದನ್ನ ಕುಯ್ದುಬಿಟ್ಟಿತ್ತು. ಅವತ್ತಿಂದ ಅದು ಮಡಿಚ್ತಾ ಇರ್ಲಿಲ್ಲೆ.”

ನಾನು ನನ್ನ ಕೈಯನ್ನೇ ನೋಡಿದೆ. ಹಾಗೆ ಗಂಟು ಹಾಕಲು ನನಗೆ ಯಾರು ಕಲಿಸಿದರು? ಯಾರೂ ಕೂರಿಸಿ ಕಲಿಸಲಿಲ್ಲ. ಹಾಸಿಗೆಯ ಮೇಲೆ, ಅಡಿಗೆಮನೆಯಲ್ಲಿ, ಸ್ಲೇಟಿನ ಪಕ್ಕದಲ್ಲಿ, ಅವಳ ಮೊಣಕಾಲಿಗೆ ಒರಗಿ ನೋಡಿದ್ದು ಅಷ್ಟೇ. ಅವಳ ಬೆರಳು ಗಾಯದಿಂದ ನಿಂತಿತ್ತು. ನನ್ನದು ನೋಡಿ ನೋಡಿ ನಿಂತಿತು. ಮಡಿಸುವುದಕ್ಕೆ ನನಗೆ ಯಾವ ಅಡ್ಡಿಯೂ ಇರಲಿಲ್ಲ.

“ದೊರೆ ಬೆರಳು…” ಎಂದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮಾಮ ಕೊಳವೆಯನ್ನು ತಿರುಗಿಸಿ ನಡುವಿನ ಖಾಲಿ ಜಾಗವನ್ನು ಮುಂದಕ್ಕೆ ತಂದರು. ಕುಂಚವನ್ನು ಎರಡು ಸಲ ತೊಳೆದರು. ಬಿಸಿಲು ಜಗಲಿಯ ಈ ಕಂಬದಿಂದ ಆ ಕಂಬಕ್ಕೆ ಸರಿಯುವವರೆಗೆ ನಾನು ದಾರ ಹಿಡಿದು ಹಾಗೇ ಕುಳಿತಿದ್ದೆ. ಮೂಗು ತುರಿಸಿತು, ಕೆರೆದುಕೊಳ್ಳಲಿಲ್ಲ. ಮದುಮಗಳು ಕಡಲೆಕಾಯಿ ಸುಲಿದು ನನ್ನ ಬಾಯಿಗೆ ಹಾಕುತ್ತಿದ್ದಳು. ಅತ್ತೆ ಕಾಫಿಯ ಲೋಟವನ್ನು ತಾವೇ ಹಿಡಿದು ಕುಡಿಸಿದರು.

ಮುಗಿದ ಮೇಲೆ ಮಾಮ ಹಿಂದೆ ಸರಿದು ನಿಂತು ನೋಡಿದರು. ಆಮೇಲೆ ಒಳಗೆ ಹೋಗಿ, ಗೂಡಿನಲ್ಲಿದ್ದ ಪೆಟ್ಟಿಗೆಯನ್ನು ತಂದು, ಆ ಕೈ ಇಲ್ಲದ ಬನಿಯನ್ನನ್ನು ಬಿಡಿಸಿ ಹಾಕಿಕೊಂಡರು. ಅಷ್ಟರಲ್ಲಿ ಅವರ ಹೊಟ್ಟೆ ಸಾಕಷ್ಟು ಮುಂದೆ ಬಂದಿತ್ತು. ಬನಿಯನ್ ಹೊಕ್ಕುಳ ಮೇಲೇ ನಿಂತುಬಿಟ್ಟಿತು. “ಚಿನ್ನದು ಆಗ್ಬಿಡ್ತು, ತೀರಾ ಚಿಕ್ಕದು. ಬದಲಾಯಿಸಿಕೊಂಡು ಬನ್ನಿ” ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತಲೇ. ಮಾಮ ಬದಲಾಯಿಸಲಿಲ್ಲ.

ಇದೆಲ್ಲ ನಡೆದದ್ದು ಯಾವ ತಾರೀಖು ಎಂದು ನೀವು ಕೇಳಬಹುದು. ಕಾಲನಿರ್ಣಯ ಮಾಡುವವನನ್ನು ಕೇಳಲೇಬೇಕಾದ ಪ್ರಶ್ನೆ. ಕಾರ್ಡಿನ ಮೇಲಿನ ಅಂಚೆಯ ಮುದ್ರೆ ಅಳಿಸಿದೆ. ಅತ್ತೆ ಒಂದು ವಾರ ಹೇಳುತ್ತಾರೆ, ಮಗಳು ಇನ್ನೊಂದು. ನನ್ನ ದಿನಚರಿಯಲ್ಲಿ ಆ ಸುಮಾರಿಗೆ ಒಂದು ಪುಟ ಖಾಲಿಯಿದೆ. ಅದೇ ಇರಬೇಕು. ಅಂದು ಬರೆಯಲು ನನ್ನ ಕೈ ಬಿಡುವಾಗಿರಲಿಲ್ಲ.